ಮೊದಲ ಜಾನಪದ-ಪಾಪ್ ಆಲ್ಬಂ ಮಾಡುವುದು ಹೇಗೆ: ಪದ ಆರಿಸುವುದರಿಂದ ಬಿಡುಗಡೆಯವರೆಗೆ

ಗಿಟಾರ್ ಹಿಡಿದು ಸ್ವಂತ ಹಾಡು ಬರೆದು, ಅದರೊಳಗೆ ತತ್ವಪದದ ಧಾಟಿಯನ್ನೋ ಸೋಬಾನೆಯ ಗುಂಗನ್ನೋ ತರುವ ಹುಡುಗ ಹುಡುಗಿಯರು ಈಗ ಕರ್ನಾಟಕದ ಎಲ್ಲ ಕಡೆ ಇದ್ದಾರೆ. ಒಂದೆರಡು ಹಾಡು ಯೂಟ್ಯೂಬಿಗೆ ಹಾಕಿರುತ್ತಾರೆ. ಜನ ಚೆನ್ನಾಗಿದೆ ಅಂದಿರುತ್ತಾರೆ. ಮುಂದಿನ ಮಾತು ಆಲ್ಬಂ. ತುಂಬ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಅರ್ಧ ರೆಕಾರ್ಡ್ ಆದ ಹಾಡುಗಳು ಯಾರದ್ದೋ ಹಾರ್ಡ್ ಡಿಸ್ಕಿನಲ್ಲಿ ಉಳಿಯುತ್ತವೆ, ಕೂಡಿಟ್ಟ ದುಡ್ಡು ಖಾಲಿಯಾಗಿರುತ್ತದೆ.

ಇದಕ್ಕೆ ಪ್ರತಿಭೆ ಕಡಿಮೆ ಎನ್ನುವುದು ಕಾರಣವಲ್ಲ. ಸ್ಟುಡಿಯೋಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸವನ್ನು ಸ್ಟುಡಿಯೋದಲ್ಲಿ ಕೂತು ಮಾಡಲು ಹೊರಟಿರುತ್ತಾರೆ, ಅಷ್ಟೇ. ಹಾಡು ಯಾವುದು, ಅದು ಯಾರದ್ದು, ಯಾವ ಶ್ರುತಿ, ಯಾವ ಲಯ, ಯಾರಿಗೆಷ್ಟು ಪಾಲು: ಇವಿಷ್ಟೂ ತೀರ್ಮಾನವಾದ ಮೇಲೆ ಮೈಕ್ ಮುಂದೆ ನಿಂತರೆ ಆಲ್ಬಂನ ಮುಕ್ಕಾಲು ಪಾಲು ಮುಗಿದ ಹಾಗೆ. ಈ ಮಾರ್ಗದರ್ಶಿಯಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಮ್ಮ ಕಣ್ಣೆದುರೇ ಒಂದು ಉದಾಹರಣೆ ಇದೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮ ಲೇಬಲ್‌ನಿಂದ ಅದನ್ನು ಹೊರತಂದರು. ಆದರೆ ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ರಘು ‘ಅಂತರಾಗ್ನಿ’ ತಂಡ ಕಟ್ಟಿಕೊಂಡು ವೇದಿಕೆಗಳಲ್ಲಿ ಹಾಡುತ್ತಿದ್ದರು. ಆಲ್ಬಂನಲ್ಲಿ ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಇದ್ದವು. ಶಿಶುನಾಳ ಶರೀಫರ ಪದಗಳಿಗೆ ಅವರು ಹೊಸ ಧಾಟಿ ಕೊಟ್ಟಿದ್ದರು. ವೇದಿಕೆಯಲ್ಲಿ ಹದವಾದ ಹಾಡು, ಹಳೆಯ ಪದಕ್ಕೆ ತನ್ನದೇ ಧಾಟಿ. ಮೊದಲ ಆಲ್ಬಂ ಮಾಡುವವರು ಅಲ್ಲಿಂದ ಕಲಿಯಬೇಕಾದದ್ದು ಈ ಎರಡು.

ಹಂತ 1: ಹಾಡು ಆರಿಸಿಕೊಳ್ಳಿ

ಕೈಯಲ್ಲಿ ಇಪ್ಪತ್ತು ಹಾಡಿದ್ದರೂ ಆಲ್ಬಂಗೆ ಏಳೆಂಟು ಸಾಕು. ಆಪಲ್ ಮ್ಯೂಸಿಕ್ ಲೆಕ್ಕದಲ್ಲಿ ಏಳು ಹಾಡು ಅಥವಾ ಒಟ್ಟು 30 ನಿಮಿಷ ದಾಟಿದರೆ ಅದು ಆಲ್ಬಂ. ನಾಲ್ಕರಿಂದ ಆರು ಹಾಡಿದ್ದು 30 ನಿಮಿಷದೊಳಗೆ ಮುಗಿದರೆ ಇ.ಪಿ. ದುಡ್ಡು ಕಡಿಮೆ ಇದ್ದರೆ ಇ.ಪಿ. ಮಾಡುವುದರಲ್ಲಿ ಸಂಕೋಚ ಏನೂ ಬೇಡ. ಐದು ಗಟ್ಟಿ ಹಾಡಿಗೆ ಮೂರು ಸಪ್ಪೆ ಹಾಡು ಸೇರಿಸಿ ಆಲ್ಬಂ ಅನ್ನಿಸಿಕೊಳ್ಳುವುದಕ್ಕಿಂತ ಅದೇ ಮೇಲು.

ಆರಿಸುವ ರೀತಿ ಸರಳ. ಗಿಟಾರ್ ಪಕ್ಕಕ್ಕಿಡಿ. ಬರೀ ಬಾಯಲ್ಲಿ, ತೊಡೆ ತಟ್ಟಿಕೊಂಡು, ಪೂರ್ತಿ ಹಾಡಿ. ಬೀಸುವ ಪದ, ನಾಟಿ ಪದ ಎಲ್ಲ ಹುಟ್ಟಿದ್ದು ಹಾಗೇ ಅಲ್ವಾ? ಬೀಸುಕಲ್ಲಿನ ಸದ್ದು ಬಿಟ್ಟರೆ ಅವಕ್ಕೆ ಬೇರೆ ಪಕ್ಕವಾದ್ಯ ಇರಲಿಲ್ಲ. ನಿಮ್ಮ ಹಾಡು ಗಿಟಾರಿನ ಕಾರ್ಡ್ಸ್ (ಒಟ್ಟಿಗೆ ಮೀಟುವ ಸ್ವರಗಳು) ಇಲ್ಲದೆ ನಿಲ್ಲದಿದ್ದರೆ ಧಾಟಿಯಲ್ಲಿ ಇನ್ನೂ ಕೆಲಸ ಬಾಕಿ ಇದೆ ಎಂದೇ ಅರ್ಥ. ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಸಾಲು, ಚಿಕ್ಕದಿರಲಿ. ಕೇಳುವವರು ಎರಡನೇ ಸಲಕ್ಕೇ ದನಿಗೂಡಿಸುವಂತಿರಲಿ. ತತ್ವಪದದ ಮೇಳದಲ್ಲಿ ಹಿಮ್ಮೇಳದವರು ಯಾವ ಸಾಲನ್ನು ಎತ್ತಿಕೊಳ್ಳುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಒಮ್ಮೆ ಗಮನ ಕೊಟ್ಟು ಕೇಳಿ. ಸೊಲ್ಲು ಬರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಜಾನಪದ ಧಾಟಿಯನ್ನು ಪಾಪ್‌ಗೆ ತರುವಾಗ ಎಲ್ಲರಿಗೂ ಎದುರಾಗುವ ಒಂದು ತೊಡಕಿದೆ. ಪಾಪ್ ಹಾಡು ನಾಲ್ಕು ನಾಲ್ಕರ ಲೆಕ್ಕದಲ್ಲಿ ಸುತ್ತುತ್ತದೆ. ನಮ್ಮ ಹೆಂಗಸರ ಪದಗಳಲ್ಲಿ ಬಹಳಷ್ಟು ತ್ರಿಪದಿ, ಅಂದರೆ ಮೂರೇ ಸಾಲು. ಲೂಪ್ ತುಂಬಿಸಲೆಂದು ನಾಲ್ಕನೇ ಸಾಲನ್ನು ಸುಮ್ನೆ ತುರುಕಿದರೆ ಪದ ಕೆಡುತ್ತದೆ. ಹಾಡುವವರು ಇದಕ್ಕೆ ಎಂದೋ ದಾರಿ ಕಂಡುಕೊಂಡಿದ್ದಾರೆ. ಎರಡನೇ ಸಾಲಿನ ಭಾಗವನ್ನು ಮತ್ತೆ ಹಿಡಿದು ಮೂರನ್ನು ನಾಲ್ಕಾಗಿಸಿಕೊಳ್ಳುತ್ತಾರೆ. ನೀವೂ ಹಾಗೆ ಮಾಡಿ. ಇಲ್ಲವೇ ಮೂರು ಸಾಲು ಹಾಡಿ, ನಾಲ್ಕನೆಯ ಜಾಗವನ್ನು ಕೊಳಲಿಗೋ ಏಕತಾರಿಗೋ ಬಿಟ್ಟುಬಿಡಿ.

ಸಾಹಿತ್ಯವನ್ನು ನೀವು ಬೆಳೆದ ಕನ್ನಡದಲ್ಲೇ ಬರೆಯಿರಿ. ಹುಬ್ಬಳ್ಳಿಯವರಾದರೆ ಹುಬ್ಬಳ್ಳಿಯ ಮಾತು, ಚಾಮರಾಜನಗರದವರಾದರೆ ಅಲ್ಲಿಯ ಮಾತು. ಜಾನಪದ ಅನ್ನಿಸಲಿ ಎಂದು ‘ಐತೆ’, ‘ಐತಿ’, ‘ಇದೆ’ ಮೂರನ್ನೂ ಒಂದೇ ಹಾಡಿಗೆ ಹಾಕಿದರೆ ಹಳ್ಳಿಯವರ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಬೇರೆ ಸೀಮೆಯ ಪದ ಹಾಡಲೇಬೇಕು ಅನ್ನಿಸಿದರೆ ಆ ಸೀಮೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಅಕ್ಷರವನ್ನೂ ಸರಿಮಾಡಿಕೊಳ್ಳಿ.

ಇಷ್ಟಾದ ಮೇಲೆ ಪಟ್ಟಿ ಮಾಡಿ. ನನ್ನ ಸಲಹೆ: ಐದಾರು ಸ್ವಂತ ಹಾಡು, ಒಂದೋ ಎರಡೋ ಹಳೆಯ ಪದ. ಮೊದಲ ಆಲ್ಬಂನಲ್ಲಿ ಜನರಿಗೆ ಪರಿಚಯವಾಗಬೇಕಾದದ್ದು ನೀವು.

ಹಂತ 2: ಈ ಹಾಡು ಯಾರದ್ದು?

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ‘ಜಾನಪದ ಅಂದರೆ ಎಲ್ಲರದ್ದು, ಯಾರೂ ಕೇಳಲ್ಲ’ ಎಂಬ ಮಾತು ಅರ್ಧ ಮಾತ್ರ ನಿಜ.

ಕಾನೂನಿನಿಂದ ಶುರು ಮಾಡೋಣ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೆ ಮತ್ತು ರಾಗಸಂಯೋಜನೆಗೆ ಬೇರೆ ಬೇರೆ ಹಕ್ಕು ಇದೆ. ಎರಡೂ ಬರೆದವರು, ಸಂಯೋಜಿಸಿದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತವೆ. ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ ಲೆಕ್ಕ. ರೆಕಾರ್ಡ್ ಆದ ಧ್ವನಿಗೆ ಮೂರನೆಯದೊಂದು ಹಕ್ಕು ಇದೆ. ಅದು ಪ್ರಕಟವಾದ ಮೇಲೆ 60 ವರ್ಷ. ಈ ಮೂರನ್ನೂ ಬಿಡಿಬಿಡಿಯಾಗಿ ನೋಡುವುದು ಅಭ್ಯಾಸವಾದರೆ ಅರ್ಧ ಗೊಂದಲ ಹೋಯಿತು.

ಶರೀಫರನ್ನೇ ತೆಗೆದುಕೊಳ್ಳಿ. ಅವರ ಕಾಲ 1819ರಿಂದ 1889. ಪದಗಳು ಯಾರು ಬೇಕಾದರೂ ಹಾಡಬಹುದಾದವು. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಶರೀಫರ ಧಾಟಿಗಳಲ್ಲಿ ಎಷ್ಟೋ ಸಿ. ಅಶ್ವಥ್ ಅವರವು. ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ಆ ಸಂಯೋಜನೆಗಳ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. ಹಾಗಾಗಿ ಪದ ಶರೀಫರದ್ದು, ಧಾಟಿ ಅಶ್ವಥ್ ಅವರದ್ದು ಅಂತಾದರೆ ಅನುಮತಿ ಬೇಕು. ಪದ ಶರೀಫರದ್ದು, ಧಾಟಿ ನಿಮ್ಮದು ಅಂತಾದರೆ ಯಾರನ್ನೂ ಕೇಳಬೇಕಿಲ್ಲ. ಎರಡನೇ ದಾರಿಯೇ ಒಳ್ಳೆಯದು. ಬರೀ ಕಾನೂನಿನ ಕಾರಣಕ್ಕೆ ಅಲ್ಲ. ಅಶ್ವಥ್ ಹಾಡಿದ್ದನ್ನು ಅಶ್ವಥ್ ಹಾಗೆಯೇ ಹಾಡಲು ಹೋದರೆ ಕೇಳುವವರು ಮತ್ತೆ ಅಶ್ವಥ್ ಅವರನ್ನೇ ಹಾಕಿಕೊಂಡು ಕೇಳುತ್ತಾರೆ.

ದಾಸರ ಪದ, ವಚನ, ಸರ್ವಜ್ಞನ ತ್ರಿಪದಿಗಳಿಗೂ ಇದೇ ಮಾತು ಸಲ್ಲುತ್ತದೆ. ನವೋದಯದ ಮತ್ತು ಆಮೇಲಿನ ಕವಿಗಳ ವಿಷಯ ಹಾಗಲ್ಲ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಹಕ್ಕಿದೆ. ಕುವೆಂಪು 1994, ಅಂದರೆ 2054. ಕೆ.ಎಸ್. ನರಸಿಂಹಸ್ವಾಮಿ 2003, ಅಂದರೆ 2063. ನಿಸಾರ್ ಅಹಮದ್ 2020, ಅಂದರೆ 2080. ಇವರ ಕವಿತೆ ಬೇಕಿದ್ದರೆ ಹಕ್ಕುದಾರರಿಗೆ ಪತ್ರ ಬರೆಯಿರಿ. ಯಾವ ಕವಿತೆ, ಎಷ್ಟು ಸಾಲು, ಎಲ್ಲೆಲ್ಲಿ ಬಿಡುಗಡೆ ಮಾಡುತ್ತೀರಿ ಎಂದು ವಿವರವಾಗಿ ತಿಳಿಸಿ. ಉತ್ತರ ಬರುವವರೆಗೆ ರೆಕಾರ್ಡ್ ಮಾಡಬೇಡಿ.

ಹಳೆಯ ಸಿನಿಮಾ ಹಾಡನ್ನೋ ಕ್ಯಾಸೆಟ್ ಕಾಲದ ಭಾವಗೀತೆಯನ್ನೋ ಹೊಸದಾಗಿ ಹಾಡಲು ಕಾಯ್ದೆಯ 31ಸಿ ಕಲಂನಲ್ಲಿ ಒಂದು ದಾರಿ ಇದೆ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಡಬೇಕು, ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಮೊದಲ ಆಲ್ಬಂಗೆ ಇದು ಭಾರ. ಬಿಟ್ಟುಬಿಡಿ.

ಇನ್ನು ಉಳಿದದ್ದು ಯಾರ ಹೆಸರೂ ಇಲ್ಲದ, ತಲೆಮಾರಿನಿಂದ ತಲೆಮಾರಿಗೆ ಬಂದ ಪದ. ಇದಕ್ಕೆ ಕಾಪಿರೈಟ್ ಇಲ್ಲ. ಆದರೆ ಅದನ್ನು ನಿಮಗೆ ಹೇಳಿಕೊಟ್ಟವರು ಇದ್ದಾರಲ್ಲ? ಅವರು ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಆ ತುಣುಕನ್ನು ಹಾಡಿನೊಳಗೆ ಬಳಸಿದರೆ ಅದು ಅವರ ಪ್ರದರ್ಶನ. ಕಲಾವಿದರಾಗಿ ಅದರ ಮೇಲೆ ಅವರಿಗೆ ಕಾನೂನಿನ ಹಕ್ಕಿದೆ, ಅವರ ಒಪ್ಪಿಗೆ ಬೇಕೇ ಬೇಕು. ಬರೀ ಕಲಿತು ನೀವೇ ಹಾಡಿದರೆ ಕಾನೂನು ಸುಮ್ಮನಿರುತ್ತದೆ. ನೀವು ಸುಮ್ಮನಿರಬಾರದು.

ಮನೆಗೆ ಹೋಗಿ, ಕೂತು, ನೇರವಾಗಿ ಹೇಳಿ: ‘ಅಜ್ಜಿ, ನೀವು ಹೇಳಿಕೊಟ್ಟ ಪದಾನ ನಾನು ಆಲ್ಬಂನಲ್ಲಿ ಹಾಡ್ಬೇಕು ಅಂತಿದ್ದೀನಿ. ಗಿಟಾರ್ ಎಲ್ಲ ಸೇರುತ್ತೆ, ಹಿಂಗಿರುತ್ತೆ ಕೇಳಿ. ನಿಮ್ಮ ಹೆಸರು, ಊರ ಹೆಸರು ಹಾಕ್ತೀನಿ. ಹೆಂಗೆ ಹಾಕ್ಲಿ? ದುಡ್ಡು ಬಂದ್ರೆ ಇಷ್ಟು ಪಾಲು ನಿಮ್ದು.’ ಡೆಮೊ, ಅಂದರೆ ಹಾಡಿನ ಕಚ್ಚಾ ರೆಕಾರ್ಡಿಂಗ್, ಕೇಳಿಸಿ. ಒಪ್ಪಿದರೆ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆದು, ಓದಿ ಹೇಳಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಿ. ಒಂದು ಪ್ರತಿ ಅವರ ಮನೆಯಲ್ಲೇ ಇರಲಿ. ಆ ಹೊತ್ತಿಗೇ ಒಂದು ಮೊತ್ತ ಕೈಗೆ ಕೊಡಿ. ಮುಂದೆ ಬರುತ್ತದೋ ಇಲ್ಲವೋ ಎನ್ನುವ ರಾಯಲ್ಟಿಯನ್ನು ನಂಬಿಕೊಂಡು ಎಂಬತ್ತು ದಾಟಿದವರನ್ನು ಕಾಯಿಸುವುದು ಸರಿಯಲ್ಲ. ಆಲ್ಬಂನಲ್ಲಿ ‘ಸಾಂಪ್ರದಾಯಿಕ’ ಎಂದಷ್ಟೇ ಹಾಕಬೇಡಿ. ಇಂಥ ಊರಿನ ಇಂಥವರಿಂದ ಕಲಿತದ್ದು ಎಂದು ಪೂರ್ತಿ ಹಾಕಿ.

ಕೆಲವು ಪದಗಳು ನಂಬಿಕೆಗೆ ಸೇರಿದವು. ಮಲೆ ಮಾದೇಶ್ವರನ ಪದ ಹಾಡುವ ದೇವರಗುಡ್ಡರು, ಮಂಟೇಸ್ವಾಮಿಯ ಪದ ಹಾಡುವ ನೀಲಗಾರರು ದೀಕ್ಷೆ ಪಡೆದವರು. ಚೌಡಿಕೆ ಎಲ್ಲಮ್ಮನ ಜೋಗತಿಯರ ಕೈಯಲ್ಲಿರುವ ವಾದ್ಯ. ಯಾವುದನ್ನು ಎಲ್ಲಿ ಹಾಡಬಹುದು, ಎಲ್ಲಿ ಬೇಡ ಎಂದು ಅವರನ್ನೇ ಕೇಳಿ. ‘ಈ ಭಾಗ ಬೇಡ’ ಅಂದರೆ ಬೇಡ.

ಕಲಿಯಲು ಹತ್ತಿರದಲ್ಲಿ ಯಾರೂ ಇಲ್ಲ ಎನ್ನುವವರು ರಾಮನಗರದ ಜಾನಪದ ಲೋಕಕ್ಕೆ ಹೋಗಿ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆ. ತೆರೆದಿದ್ದರೆ ವಾದ್ಯಗಳನ್ನು ಕಣ್ಣಾರೆ ನೋಡಬಹುದು.

ಹಂತ 3: ಜನರ ಮುಂದೆ ಹಾಡಿ, ಆಮೇಲೆ ಡೆಮೊ

ರೆಕಾರ್ಡಿಂಗಿಗೆ ಮೊದಲು ಪ್ರತಿ ಹಾಡನ್ನೂ ಕೆಲವು ಸಲವಾದರೂ ಜನರ ಮುಂದೆ ಹಾಡಿ. ಕಾಲೇಜು, ಊರಹಬ್ಬ, ಗೆಳೆಯರ ಮನೆಯ ಹಜಾರ, ಎಲ್ಲಾದರೂ ಸರಿ. ಯಾವ ಚರಣಕ್ಕೆ ಜನ ಫೋನ್ ತೆಗೆಯುತ್ತಾರೋ ಅದನ್ನು ಕತ್ತರಿಸಿ. ಯಾವ ಸಾಲಿಗೆ ತಲೆ ಎತ್ತುತ್ತಾರೋ ಅದನ್ನು ಮುಂದಕ್ಕೆ ತನ್ನಿ.

ನಂತರ ಫೋನಿನಲ್ಲೇ ಡೆಮೊ ಮಾಡಿ. ಒಂದು ಗಿಟಾರ್, ಒಂದು ದನಿ ಸಾಕು. ಪ್ರತಿ ಡೆಮೊಗೆ ಒಂದು ಹಾಳೆ ಇಡಿ: ಶ್ರುತಿ, ನಿಮಿಷಕ್ಕೆ ಎಷ್ಟು ಬೀಟ್, ಯಾವ ಚರಣದ ನಂತರ ಯಾವ ವಾದ್ಯ, ಪೂರ್ತಿ ಸಾಹಿತ್ಯ. ಈ ಹಾಳೆ ಇದ್ದರೆ ಸ್ಟುಡಿಯೋದಲ್ಲಿ ಚರ್ಚೆಗೆ ಹೋಗುವ ಸಮಯ ತುಂಬ ಉಳಿಯುತ್ತದೆ. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕ ಎಂಬುದು ನೆನಪಿರಲಿ.

ಶ್ರುತಿ ತೀರ್ಮಾನವಾಗಬೇಕಾದದ್ದು ಗಂಟಲಿನಿಂದ, ಗಿಟಾರಿನಿಂದ ಅಲ್ಲ. ಜಾನಪದ ಹಾಡುವವರು ತಮ್ಮ ತಂಬೂರಿಯನ್ನು ತಮಗೆ ಬೇಕಾದ ಹಾಗೆ ಬಿಗಿ ಮಾಡಿಕೊಳ್ಳುತ್ತಾರೆ. ಅದು ಪಿಯಾನೋದ ಯಾವ ಮನೆಗೂ ಸರಿಯಾಗಿ ಕೂರದೆ ಇರಬಹುದು. ಅಂಥವರ ಜೊತೆ ಹಾಡುವುದಿದ್ದರೆ ನಿಮ್ಮ ಗಿಟಾರನ್ನೇ ಅವರಿಗೆ ಹೊಂದಿಸಿ. ಕೀಬೋರ್ಡಿನ ಟ್ಯೂನಿಂಗನ್ನೂ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ಅವರನ್ನು ಎಳೆದು ನಿಮ್ಮ ಶ್ರುತಿಗೆ ತಂದರೆ ದನಿಯ ಕಸುವೇ ಹೋಗುತ್ತದೆ.

ಹಂತ 4: ದುಡ್ಡು ಮತ್ತು ಕಾಗದ

ದುಡ್ಡು ಹಂಚುವಾಗ ನನ್ನ ಲೆಕ್ಕ ಹೀಗೆ: ಅರ್ಧದಷ್ಟು ಹಾಡುವವರಿಗೆ, ನುಡಿಸುವವರಿಗೆ ಮತ್ತು ಅವರನ್ನು ಚೆನ್ನಾಗಿ ರೆಕಾರ್ಡ್ ಮಾಡುವುದಕ್ಕೆ. ಕಾಲು ಭಾಗ ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು), ಮಾಸ್ಟರಿಂಗ್‌ಗೆ (ಬಿಡುಗಡೆಗೆ ಕೊನೆಯ ರೂಪ ಕೊಡುವುದು). ಉಳಿದ ಕಾಲು ಭಾಗ ಬಿಡುಗಡೆಗೆ. ತುಂಬ ಜನ ಒಂದೇ ವಿಡಿಯೋಗೆ ಡ್ರೋನು, ಕ್ರೇನು ಎಂದು ಇದ್ದಬದ್ದದ್ದನ್ನೆಲ್ಲ ಸುರಿಯುತ್ತಾರೆ. ಹಾಡಿನ ದನಿ ತೆಳ್ಳಗಿದ್ದರೆ ವಿಡಿಯೋ ಅದನ್ನು ಎತ್ತಿ ಹಿಡಿಯುವುದಿಲ್ಲ.

ಕಾಗದದ ವಿಷಯದಲ್ಲಿ ಮೂರು ಮಾತು. ಮೊದಲನೆಯದು, ರೆಕಾರ್ಡಿಂಗಿನ ಮಾಲೀಕರು ಯಾರು? ಕಾನೂನಿನ ಕಣ್ಣಲ್ಲಿ ನಿರ್ಮಾಪಕರು ಎಂದರೆ ರೆಕಾರ್ಡಿಂಗ್ ಮಾಡಿಸುವ ಹೊಣೆ ಹೊತ್ತು ಮುಂದಾದವರು. ನೀವೇ ದುಡ್ಡು ಹಾಕಿ ನೀವೇ ಮಾಡಿಸಿದರೆ ಅದು ನೀವು. ಆದರೆ ನಮ್ಮಲ್ಲಿ ಪ್ರೋಗ್ರಾಮಿಂಗ್ (ಕಂಪ್ಯೂಟರಿನಲ್ಲಿ ವಾದ್ಯ ಜೋಡಿಸುವುದು) ಮಾಡಿಕೊಡುವವರನ್ನೂ ಪ್ರೊಡ್ಯೂಸರ್ ಅನ್ನುತ್ತೇವಲ್ಲ, ಜಗಳ ಅಲ್ಲೇ ಹುಟ್ಟುವುದು. ಅವರಿಗೆ ಕೊಡುವುದು ಸಂಭಾವನೆ ಮಾತ್ರವೋ ಅಥವಾ ಪಾಲೂ ಉಂಟೋ ಎಂದು ಮೊದಲ ದಿನವೇ ಬರೆದುಕೊಳ್ಳಿ. ವಾದಕರಿಂದಲೂ ಒಂದೊಂದು ಒಪ್ಪಿಗೆ ಪತ್ರ ಇರಲಿ.

ಎರಡನೆಯದು, ಧಾಟಿ ಹಾಕುವಾಗ ಗೆಳೆಯ ಜೊತೆಗೆ ಕೂತಿದ್ದರೆ, ಒಂದು ಚರಣ ಬರೆದುಕೊಟ್ಟಿದ್ದರೆ, ಪಾಲನ್ನು ಅವತ್ತೇ ಶೇಕಡಾ ಲೆಕ್ಕದಲ್ಲಿ ಬರೆದಿಡಿ. ಹಾಡು ಗೆದ್ದ ಮೇಲೆ ಈ ಮಾತು ಆಡುವುದು ಬಲು ಕಷ್ಟ.

ಮೂರನೆಯದು, ಯಾವುದಾದರೂ ಲೇಬಲ್ ಒಪ್ಪಂದ ಕಳಿಸಿದರೆ ಎರಡು ಅಂಶ ಹುಡುಕಿ: ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದೆ ಇದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ನೋಡುತ್ತದೆ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಒಪ್ಪಂದಗಳಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಮೊದಲೇ ಹಾಕಿರುತ್ತಾರೆ. ಹತ್ತು ವರ್ಷಕ್ಕೆ ಇಳಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಇನ್ನೊಂದು: 2012ರ ತಿದ್ದುಪಡಿಯ ನಂತರ ಸಾಹಿತಿ ಮತ್ತು ಸಂಗೀತ ಸಂಯೋಜಕರ ರಾಯಲ್ಟಿ ಪಾಲನ್ನು ಲೇಬಲ್ ಬರೆಸಿಕೊಳ್ಳುವಂತಿಲ್ಲ. ಒಂದೇ ಸಲಕ್ಕೆ ಇಷ್ಟು ದುಡ್ಡು ಕೊಟ್ಟು ಎಲ್ಲ ಹಕ್ಕೂ ನಮ್ಮದು ಅಂದರೆ ಈ ಮಾತನ್ನು ಹೇಳಿ. ಸಹಿ ಹಾಕುವ ಮುಂಚೆ ವಕೀಲರೊಬ್ಬರಿಗೆ ತೋರಿಸಿ.

ಹಂತ 5: ರೆಕಾರ್ಡಿಂಗ್

ಎಲ್ಲವನ್ನೂ ದೊಡ್ಡ ಸ್ಟುಡಿಯೋದಲ್ಲೇ ಮಾಡಬೇಕಿಲ್ಲ. ಗಿಟಾರ್, ಕೀಬೋರ್ಡ್, ಹಿಮ್ಮೇಳದ ದನಿಗಳನ್ನು ಮನೆಯಲ್ಲೇ ಮಾಡಬಹುದು. ಒಂದು ಕಂಡೆನ್ಸರ್ ಮೈಕ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ರೀಪರ್‌ನಂಥ ಕಡಿಮೆ ಬೆಲೆಯ ಸಾಫ್ಟ್‌ವೇರ್ ಇದ್ದರೆ ಆಯಿತು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ಮೀಟರ್‌ನಲ್ಲಿ ಅತಿ ಜೋರಿನ ಜಾಗ ಮೈನಸ್ 10 ಡೆಸಿಬೆಲ್ ಹತ್ತಿರ ಇದ್ದರೆ ಸಾಕು. ಕೆಂಪು ಮುಟ್ಟಬಾರದು.

ಕೋಣೆಯ ಗುಂಯ್‌ಗುಡುವಿಕೆ ಮೈಕಿಗಿಂತ ದೊಡ್ಡ ಸಮಸ್ಯೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ. ಹಾಡುವವರ ಬೆನ್ನ ಹಿಂದೆ, ಎರಡೂ ಪಕ್ಕ ಕೌದಿ ಇಳಿಬಿಡಿ. ಹಳೆ ಬಟ್ಟೆ ಪದರ ಪದರವಾಗಿ ಹೊಲಿದ ದಪ್ಪ ಕೌದಿ ತೆಳು ಫೋಮ್ ಹಾಳೆಗಿಂತ ಚೆನ್ನಾಗಿ ಸದ್ದು ನುಂಗುತ್ತದೆ. ಫ್ಯಾನ್, ಫ್ರಿಜ್ ಆಫ್ ಮಾಡಿ. ಯುಪಿಎಸ್ ಪಕ್ಕದ ಕೋಣೆಯಲ್ಲಿದ್ದರೂ ಅದರ ಗುಂಯ್ ಮೈಕಿಗೆ ಕೇಳುತ್ತದೆ.

ಚರ್ಮವಾದ್ಯಗಳನ್ನು ಮಾತ್ರ ದೊಡ್ಡ ಜಾಗದಲ್ಲೇ ರೆಕಾರ್ಡ್ ಮಾಡಿ. ತಮಟೆಗೆ ಬೆಂಕಿ ಬೇಕು. ಹುಲ್ಲೋ ಕಾಗದವೋ ಹಚ್ಚಿ ಚರ್ಮ ಕಾಯಿಸಿದರೇ ಅದು ಬಿಗಿಯಾಗಿ ಟಣಟಣ ಅನ್ನುವುದು. ಏಸಿ ಹಾಕಿದ ಸ್ಟುಡಿಯೋ ಒಳಗೆ ಸ್ವಲ್ಪ ಹೊತ್ತಿಗೇ ಚರ್ಮ ಸಡಿಲವಾಗಿ ದನಿ ಇಳಿಯುತ್ತದೆ. ಹಾಗಾಗಿ ಬುಕ್ ಮಾಡುವಾಗಲೇ ಕೇಳಿ: ಹೊರಗೆ ತಮಟೆ ಕಾಯಿಸಲು ಜಾಗ ಇದೆಯಾ? ಏಸಿ ನಿಲ್ಲಿಸಬಹುದಾ? ಎರಡು ತಮಟೆ ತರಿಸಿ, ಒಂದು ಒಳಗೆ ನುಡಿಯುವಾಗ ಇನ್ನೊಂದು ಹೊರಗೆ ಕಾಯಲಿ. ಹಾಡಿನ ತಮಟೆ ಭಾಗಗಳನ್ನೆಲ್ಲ ಒಂದೇ ಬಿಸಿಯಲ್ಲಿ ಮುಗಿಸಿ. ಇಲ್ಲದಿದ್ದರೆ ಮೊದಲ ಚರಣದ ತಮಟೆ ಒಂದು ಶ್ರುತಿ, ಮೂರನೆಯದರದ್ದು ಇನ್ನೊಂದು ಶ್ರುತಿ ಆಗುತ್ತದೆ.

ಡೊಳ್ಳಿನ ಎರಡು ಮಗ್ಗುಲ ದನಿ ಬೇರೆ ಬೇರೆ. ಒಂದು ಕಡೆ ಕೋಲು, ಇನ್ನೊಂದು ಕಡೆ ಕೈ. ಎರಡೂ ಕಡೆ ಒಂದೊಂದು ಮೈಕ್, ನಾಲ್ಕೈದು ಅಡಿ ದೂರದಲ್ಲಿ ಇನ್ನೊಂದು. ದೂರದ ಮೈಕಿನಲ್ಲೇ ಡೊಳ್ಳು ಡೊಳ್ಳಿನ ಹಾಗೆ ಕೇಳುವುದು. ಹತ್ತಿರದವೆರಡು ಏಟಿಗೆ ಚುರುಕು ಕೊಡಲು ಮಾತ್ರ. ಕಂಸಾಳೆಯ ಕಂಚಿನ ಸದ್ದು ಮೈಕಿಗೆ ಚುಚ್ಚಿದ ಹಾಗೆ ಬರುತ್ತದೆ. ಮೈಕನ್ನು ನೇರ ಎದುರಿಗೆ ಇಡದೆ ಮೂರು ಅಡಿಯಾದರೂ ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡಿ. ಸಾಮಾನ್ಯ ಡೈನಾಮಿಕ್ ಮೈಕ್ ಇದಕ್ಕೆ ಒಳ್ಳೆಯದು. ಕಂಸಾಳೆಯವರು ಹಾಡುತ್ತಲೇ ನುಡಿಸುತ್ತಾರೆ. ಹಾಡಬೇಡಿ, ಬರೀ ತಾಳ ಕೊಡಿ ಅಂದರೆ ಅವರ ಲಯ ಸೊರಗುತ್ತದೆ. ಹಾಡಿಕೊಂಡೇ ನುಡಿಸಲಿ, ದನಿಯನ್ನು ಆಮೇಲೆ ಬೇರೆಯಾಗಿ ತೆಗೆದುಕೊಳ್ಳಿ.

ಕ್ಲಿಕ್ ಟ್ರ್ಯಾಕ್, ಅಂದರೆ ಲಯ ತಪ್ಪದಿರಲೆಂದು ಹೆಡ್‌ಫೋನಿನಲ್ಲಿ ಹಾಕುವ ಟಿಕ್ ಟಿಕ್ ಸದ್ದಿನ ವಿಷಯವೂ ಇದೇ. ಪದ ಮುಂದೆ ಹೋದಂತೆ ಲಯ ಏರುವುದು ನಮ್ಮ ಹಾಡಿಕೆಯ ಗುಣ. ಕಿವಿಗೆ ಟಿಕ್ ಟಿಕ್ ಹಾಕಿ ಅದನ್ನು ತಡೆಯಬೇಡಿ. ಪದ ಹಾಡುವವರು ಮೊದಲು ಮನಸ್ಸಿಗೆ ಬಂದ ಹಾಗೆ ಹಾಡಲಿ. ಆ ರೆಕಾರ್ಡಿಂಗಿಗೆ ಸಾಫ್ಟ್‌ವೇರ್‌ನಲ್ಲಿ ಟೆಂಪೋ ಮ್ಯಾಪ್ (ಲಯ ಎಲ್ಲೆಲ್ಲಿ ಏರಿಳಿಯುತ್ತದೆ ಎಂಬ ಗುರುತು) ಮಾಡಿ, ಗಿಟಾರ್, ಬೇಸ್ ಎಲ್ಲವನ್ನೂ ಅದರ ಮೇಲೆ ಕಟ್ಟಿ. ಕೆಲಸ ಜಾಸ್ತಿ, ನಿಜ. ಆದರೆ ಜಾನಪದ-ಪಾಪ್ ಎಂದು ಹೆಸರಿಟ್ಟು ಜಾನಪದವನ್ನು ಅಲಂಕಾರಕ್ಕೆ ಮಾತ್ರ ಇಟ್ಟುಕೊಂಡಿದ್ದಾರೋ, ಬೆನ್ನೆಲುಬಾಗಿ ಇಟ್ಟುಕೊಂಡಿದ್ದಾರೋ ಎಂಬುದು ಕೇಳುವವರಿಗೆ ಗೊತ್ತಾಗುವುದು ಇಲ್ಲೇ.

ಕೊನೆಗೆ ನಿಮ್ಮ ದನಿ. ಒಂದು ದಿನಕ್ಕೆ ಎರಡು ಹಾಡಿಗಿಂತ ಹೆಚ್ಚು ಬೇಡ. ಪ್ರತಿ ಹಾಡನ್ನೂ ಮೂರು ನಾಲ್ಕು ಸಲ ಪೂರ್ತಿ ಹಾಡಿ, ಆಮೇಲೆ ಬೇಕಾದ ಸಾಲುಗಳನ್ನು ಮಾತ್ರ ತಿದ್ದಿ. ಸಾಲು ಸಾಲಾಗಿ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿ ಜೋಡಿಸುತ್ತ ಹೋದರೆ ಉಸಿರು ಎಲ್ಲೆಲ್ಲೋ ತುಂಡಾಗುತ್ತದೆ. ‘ಹ’ಕಾರ, ‘ಳ’ಕಾರ ಬಿದ್ದುಹೋಗದಂತೆ ನೋಡಿಕೊಳ್ಳಲು ಒಬ್ಬರನ್ನು ಸಾಹಿತ್ಯದ ಹಾಳೆ ಕೊಟ್ಟು ಕೂರಿಸಿ. ಹಿಮ್ಮೇಳಕ್ಕೆ ನೀವೇ ಎಂಟು ಸಲ ಹಾಡಿ ಪೇರಿಸುವ ಬದಲು ನಾಲ್ಕು ಜನರನ್ನು ಒಂದೇ ಮೈಕಿನ ಸುತ್ತ ನಿಲ್ಲಿಸಿ.

ಹಂತ 6: ಮಿಕ್ಸ್, ಮಾಸ್ಟರ್

ಇದನ್ನು ಬಲ್ಲವರಿಗೆ ಬಿಡಿ. ನೀವು ಹೇಳಬೇಕಾದದ್ದು ಎರಡೇ: ಮಾತು ಸ್ಪಷ್ಟವಾಗಿ ಕೇಳಬೇಕು, ಪಿಚ್ ಕರೆಕ್ಷನ್ (ಸಾಫ್ಟ್‌ವೇರ್‌ನಿಂದ ಸ್ವರ ತಿದ್ದುವುದು) ಜೋರಾಗಿ ಹಾಕಬಾರದು. ಪದದ ಚೆಂದ ಇರುವುದೇ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದರಲ್ಲಿ. ಆಟೋಟ್ಯೂನ್ ಅದನ್ನೇ ಮೊದಲು ಒರೆಸಿಹಾಕುತ್ತದೆ. ಮಿಕ್ಸನ್ನು ಸಾಮಾನ್ಯ ಫೋನಿನಲ್ಲಿ, ಆಟೋದ ಸ್ಪೀಕರಿನಲ್ಲಿ, ಕಾರಿನಲ್ಲಿ ಕೇಳಿ ನೋಡಿ.

ಜೋರು ಹೆಚ್ಚಿಸಿ ಎಂದು ಹಟ ಹಿಡಿಯಬೇಡಿ. ಸ್ಪಾಟಿಫೈ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಹಾಡಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತಂದೇ ಕೇಳಿಸುತ್ತದೆ. ಹಿಂಡಿ ಹಿಂಡಿ ಜೋರು ಮಾಡಿದ ಹಾಡು ಅಲ್ಲಿ ಚಪ್ಪಟೆಯಾಗಿ ಕೇಳುತ್ತದೆ. ಕೆಲಸ ಮುಗಿದ ದಿನವೇ ಮಾಸ್ಟರ್ ವೇವ್ ಫೈಲ್, ಗಾಯನವಿಲ್ಲದ ಟ್ರ್ಯಾಕ್, ಬರೀ ಗಾಯನ, ಬಿಡಿ ವಾದ್ಯಗಳ ಫೈಲ್ ಎಲ್ಲ ಪಡೆದು ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ. ಟಿವಿಯವರು, ಕಾರ್ಯಕ್ರಮದವರು ಮೊದಲು ಕೇಳುವುದೇ ಗಾಯನವಿಲ್ಲದ ಟ್ರ್ಯಾಕನ್ನು.

ಹಂತ 7: ವಿತರಣೆ

ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೋಸಾವನ್, ಗಾನ ಇಲ್ಲೆಲ್ಲ ಹಾಡು ಹೋಗುವುದು ವಿತರಕರ ಮೂಲಕ. ಡಿಸ್ಟ್ರೋಕಿಡ್‌ಗೆ ವರ್ಷಕ್ಕೊಮ್ಮೆ ಚಂದಾ ಕಟ್ಟಬೇಕು. ಕಟ್ಟುವುದು ನಿಲ್ಲಿಸಿದರೆ, ಬೇರೆಯಾಗಿ ಹಣ ಕಟ್ಟಿರದಿದ್ದಲ್ಲಿ, ಹಾಡು ಇಳಿದುಹೋಗುತ್ತದೆ. ಸಿಡಿ ಬೇಬಿಯಲ್ಲಿ ಒಂದು ಬಿಡುಗಡೆಗೆ ಒಂದೇ ಸಲ ಶುಲ್ಕ, ಬಂದ ಹಣದಲ್ಲಿ ಕಮಿಷನ್ ಹಿಡಿಯುತ್ತಾರೆ. ವರ್ಷಕ್ಕೆ ನಾಲ್ಕಾರು ಹಾಡು ಬಿಡುವವರಿಗೆ ಮೊದಲನೆಯ ಬಗೆ, ಒಂದು ಆಲ್ಬಂ ಮಾಡಿ ಉಸಿರಾಡುವವರಿಗೆ ಎರಡನೆಯದು ಸರಿ. ಯಾರನ್ನೇ ಆರಿಸಿದರೂ ಕಾಲರ್ ಟ್ಯೂನ್‌ಗೆ ಕಳಿಸುತ್ತಾರಾ ಎಂದು ಕೇಳಿ. ನಮ್ಮ ಹಳ್ಳಿಗಳಲ್ಲಿ ಹಾಡು ಹರಡುವ ದೊಡ್ಡ ದಾರಿ ಅದು.

ವಿವರ ತುಂಬುವಾಗ ಆತುರ ಬೇಡ. ನಿಮ್ಮ ಹೆಸರಿನ ಇನ್ನೊಬ್ಬ ಕಲಾವಿದರು ಮೊದಲೇ ಇದ್ದರೆ ನಿಮ್ಮ ಹಾಡು ಅವರ ಪುಟಕ್ಕೆ ಹೋಗಿ ಕೂರುತ್ತದೆ. ಮೊದಲೇ ಹುಡುಕಿ ನೋಡಿ, ಬೇಕಿದ್ದರೆ ಊರ ಹೆಸರು ಸೇರಿಸಿಕೊಳ್ಳಿ. ಭಾಷೆಯ ಜಾಗದಲ್ಲಿ ಕನ್ನಡ ಆರಿಸಿ. ಇಂಗ್ಲಿಷ್ ಅಕ್ಷರದಲ್ಲಿ ಹಾಡಿನ ಹೆಸರು ಬರೆಯುವಾಗ ಒಂದೇ ಕಾಗುಣಿತ ಇಟ್ಟುಕೊಂಡು ಎಲ್ಲ ಕಡೆ ಅದನ್ನೇ ಬಳಸಿ. ಮುಖಪುಟದ ಚಿತ್ರ 3000 ಪಿಕ್ಸೆಲ್ ಉದ್ದ, ಅಷ್ಟೇ ಅಗಲ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಮ್ಯೂಸಿಕ್ಸ್‌ಮ್ಯಾಚ್‌ಗೆ ಹಾಕಿ, ಸ್ಪಾಟಿಫೈನಲ್ಲಿ ಕಾಣುವುದು ಅಲ್ಲಿಂದ ಬಂದದ್ದು.

ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಸಂಕೇತ ಇರುತ್ತದೆ. ಸಾಮಾನ್ಯವಾಗಿ ವಿತರಕರೇ ಕೊಡುತ್ತಾರೆ. ಬರೆದಿಟ್ಟುಕೊಳ್ಳಿ. ಮೊದಲು ಸಿಂಗಲ್ ಆಗಿ ಬಿಟ್ಟ ಹಾಡನ್ನು ಆಲ್ಬಂಗೆ ಸೇರಿಸುವಾಗ ಅದೇ ಫೈಲ್, ಅದೇ ಸಂಕೇತ ಕೊಟ್ಟರೆ ಅಲ್ಲಿಯವರೆಗೆ ಬಂದ ಕೇಳುಗರ ಎಣಿಕೆ ಆಲ್ಬಂಗೂ ಬರುತ್ತದೆ.

ಯೂಟ್ಯೂಬಿನ ಕಂಟೆಂಟ್ ಐಡಿ, ಅಂದರೆ ನಿಮ್ಮ ಧ್ವನಿ ಬೇರೆಯವರ ವಿಡಿಯೋದಲ್ಲಿದ್ದರೆ ತಾನೇ ಗುರುತಿಸಿ ಕ್ಲೇಮ್ ಹಾಕುವ ವ್ಯವಸ್ಥೆ, ಹಾಕುವ ಮುಂಚೆ ಒಮ್ಮೆ ಯೋಚಿಸಿ. ಪೂರ್ತಿ ಹಕ್ಕು ನಿಮ್ಮೊಬ್ಬರದ್ದೇ ಆದ ಧ್ವನಿಗೆ ಮಾತ್ರ ಅದು. ಎಲ್ಲರಿಗೂ ಸಿಗುವ ರೆಡಿಮೇಡ್ ಲೂಪ್ ಬಳಸಿದ ಹಾಡಿಗೆ ಹಾಕಿದರೆ ಬೇರೆಯವರ ವಿಡಿಯೋಗೆ ತೊಂದರೆ ಆಗುತ್ತದೆ. ನಿಮಗೆ ಪದ ಹೇಳಿಕೊಟ್ಟವರ ಮೊಮ್ಮಗ ಅದೇ ಪದ ಹಾಡಿ ಹಾಕಿದ ವಿಡಿಯೋಗೆ ನಿಮ್ಮ ಹೆಸರಿನಲ್ಲಿ ಕ್ಲೇಮ್ ಹೋದರೆ ಹೇಗಿರುತ್ತದೆ, ಹೇಳಿ.

ಹಂತ 8: ಬಿಡುಗಡೆ ಮತ್ತು ಆಮೇಲೆ

ಕನ್ನಡದ ಹಾಡಿಗೆ ಒಳ್ಳೆಯ ಕಾಲ ಆಗಸ್ಟ್, ಸೆಪ್ಟೆಂಬರ್. ನವೆಂಬರ್ ತಿಂಗಳಿಡೀ ರಾಜ್ಯೋತ್ಸವದ ಕಾರ್ಯಕ್ರಮಗಳು ಇಲ್ಲೂ, ದುಬೈ, ಸಿಂಗಪುರ, ಅಮೆರಿಕದ ಕನ್ನಡ ಸಂಘಗಳಲ್ಲೂ ನಡೆಯುತ್ತವೆ. ಅವರು ಕಲಾವಿದರನ್ನು ಗೊತ್ತುಮಾಡುವ ಹೊತ್ತಿಗೆ ನಿಮ್ಮ ಹಾಡು ಅವರ ಫೋನಿನಲ್ಲಿರಬೇಕು. ನವೆಂಬರ್ 1ಕ್ಕೇ ಬಿಡುಗಡೆ ಮಾಡಿದರೆ ಆ ವರ್ಷದ ವೇದಿಕೆಗಳು ಕೈತಪ್ಪಿದ ಹಾಗೆ.

ಜೂನ್‌ನಲ್ಲಿ ಒಂದು ಸಿಂಗಲ್, ಜುಲೈ ಕೊನೆಗೆ ಇನ್ನೊಂದು, ಸೆಪ್ಟೆಂಬರ್‌ನಲ್ಲಿ ಆಲ್ಬಂ ಎಂದು ಇಟ್ಟುಕೊಳ್ಳಿ. ಬಿಡುಗಡೆಗೆ ನಾಲ್ಕು ವಾರ ಮುಂಚೆ ವಿತರಕರಿಗೆ ಫೈಲ್ ಕಳಿಸಿ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಒಂದು ಹಾಡನ್ನು ಪ್ಲೇಲಿಸ್ಟ್‌ಗೆ ಪರಿಗಣಿಸಿ ಎಂದು ಕೇಳಿಕೊಳ್ಳಬಹುದು, ಅದೂ ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ. ಹಾಡಿನ ಬಗ್ಗೆ ಬರೆಯುವ ಜಾಗದಲ್ಲಿ ಯಾವ ಸೀಮೆಯ ಪದ, ಯಾರಿಂದ ಕಲಿತದ್ದು, ಯಾವ ವಾದ್ಯ ಎಂದು ಬರೆಯಿರಿ. ‘ವಿಶಿಷ್ಟ’, ‘ಅದ್ಭುತ’ ಎಂಬ ಪದಗಳಿಂದ ಅಲ್ಲಿ ಏನೂ ತಿಳಿಯುವುದಿಲ್ಲ.

ದುಡ್ಡಿನ ಬಗ್ಗೆ ನಿರೀಕ್ಷೆ ಸರಿಯಾಗಿರಲಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಂಡಿದ್ದರೆ ಮಾತ್ರ ಹಣ ಶುರುವಾಗುತ್ತದೆ. ಯೂಟ್ಯೂಬ್ ಜಾಹೀರಾತಿನ ಹಣಕ್ಕೆ 1,000 ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು, ಇಲ್ಲವೇ ಶಾರ್ಟ್ಸ್‌ನ ಲೆಕ್ಕ ಬೇರೆ ಇದೆ. ಮೊದಲ ಆಲ್ಬಂ ನಿಮಗೆ ವೇದಿಕೆ ತರುತ್ತದೆ, ವೇದಿಕೆ ದುಡ್ಡು ತರುತ್ತದೆ.

ಹೊಸಬರು ಮರೆಯುವ ಇನ್ನೊಂದು ದಾರಿ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ). ವಿತರಕರಿಂದ ಬರುವುದು ರೆಕಾರ್ಡಿಂಗಿನ ಹಣ ಮಾತ್ರ. ಸಾಹಿತ್ಯ ಮತ್ತು ಸಂಯೋಜನೆಯ ಹಣ ಬೇರೆ ಇದೆ. ಅದನ್ನು ವಸೂಲಿ ಮಾಡಿ ಹಂಚುವುದು 1969ರಲ್ಲಿ ಶುರುವಾದ ಈ ಸಂಸ್ಥೆ. ಸದಸ್ಯರಾಗಿ, ಪ್ರತಿ ಹಾಡನ್ನೂ ಪಾಲಿನ ವಿವರದ ಸಮೇತ ನೋಂದಾಯಿಸಿ. ಹಳೆಯ ಪದ ಹಾಡಿದ್ದರೆ ಸಾಹಿತ್ಯ ನಿಮ್ಮದು ಎಂದು ತುಂಬಬೇಡಿ. ಧಾಟಿ ನಿಮ್ಮದಾದರೆ ಅಷ್ಟನ್ನೇ ತುಂಬಿ. ಕಾಪಿರೈಟ್ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಆದರೆ ಮುಂದೆ ತಕರಾರು ಬಂದರೆ ಅದೊಂದು ಸಾಕ್ಷಿ. ಸಾಹಿತ್ಯಕ್ಕೆ, ಸಂಯೋಜನೆಗೆ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ. ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ.

ಆರು ತಿಂಗಳಿಗೊಮ್ಮೆ ಕೂತು ಬಂದದ್ದೆಷ್ಟು, ಯಾರಿಗೆಷ್ಟು ಎಂದು ಲೆಕ್ಕ ಮಾಡಿ. ಮೊತ್ತ ನೂರೈವತ್ತು ರೂಪಾಯಿ ಆದರೂ ಕಳಿಸಿ, ಯಾವ ಹಾಡಿನದು ಎಂದು ಫೋನ್ ಮಾಡಿ ಹೇಳಿ. ಎರಡನೇ ಆಲ್ಬಂಗೆ ಪದ ಕೇಳಲು ಹೋಗಬೇಕಾದದ್ದು ಅದೇ ಮನೆಗಳಿಗೆ.